ಯುಎಸ್‌ಸಿ ಕಡಿತ, ಬಾಡಿಗೆ, ಮತ್ತು 2008ರ ಬಾಕಿ

ನಮಸ್ಕಾರ. ಡಬ್ಲಿನ್‌ಗೆ ಬಂದು ಎರಡನೇ ಸಂಬಳ ಕೈಗೆ ಬಂತು ಅಂದಿರಿ. ಕೇಳಿದ್ದು ಮೂರು ಪ್ರಶ್ನೆ: ಸಂಬಳದಲ್ಲಿ ಯುಎಸ್‌ಸಿ (ಯೂನಿವರ್ಸಲ್ ಸೋಶಿಯಲ್ ಚಾರ್ಜ್, ಆದಾಯದ ಮೇಲಿನ ಒಂದು ತೆರಿಗೆ) ಅಂತ ಹಿಡಿಯುವುದೇನು, ಬಾಡಿಗೆ ಯಾಕೆ ಈ ಪಾಟಿ, ಇಲ್ಲೂ ಆರ್ಥಿಕ ಕುಸಿತ ಬಂದರೆ ಕೆಲಸದ ಪರ್ಮಿಟ್ ಮೇಲಿರುವ ನಮ್ಮನ್ನು ಓಡಿಸುತ್ತಾರಾ. ಮೂರರ ಬೇರೂ 2008ರಲ್ಲಿದೆ. ನಾನು ಆಗ ಇಲ್ಲೇ ಇದ್ದೆ.

ಅದಕ್ಕೆ ಮುಂಚೆ ಐರ್ಲೆಂಡಿಗೆ ಮನೆ ಕಟ್ಟುವ ಹುಚ್ಚು. 42 ಲಕ್ಷ ಜನರಿದ್ದ ನಾಡಿನಲ್ಲಿ 2006ರ ಒಂದೇ ವರ್ಷ ಸುಮಾರು 90,000 ಮನೆ ಎದ್ದವು. ಬ್ಯಾಂಕುಗಳು ಹೊರದೇಶದಲ್ಲಿ ಸಾಲ ಎತ್ತಿ ಬಿಲ್ಡರ್‌ಗಳಿಗೆ ಸುರಿದವು. ಆ ಸಾಲ ಹುಟ್ಟದೇ ಹೋದಾಗ, 2008ರ ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರ ರಾತ್ರೋರಾತ್ರಿ ಬ್ಯಾಂಕುಗಳ ಸುಮಾರು 440 ಬಿಲಿಯನ್ ಯೂರೋ ಹೊಣೆಗೆ ಜಾಮೀನು ನಿಂತಿತು. ಬ್ಯಾಂಕಿನ ನಷ್ಟ ಬೊಕ್ಕಸದ ತಲೆಗೆ ಬಂತು. ಎರಡು ವರ್ಷಕ್ಕೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ಯುರೋಪಿನ ಮುಂದೆ ಕೈಚಾಚಿ 85 ಬಿಲಿಯನ್ ಯೂರೋ ಪ್ಯಾಕೇಜಿಗೆ ಸಹಿ ಹಾಕಬೇಕಾಯಿತು.

ಆ ಸಾಲದ ಷರತ್ತುಗಳ ಕಾಲದಲ್ಲೇ, 2011ರ ಜನವರಿಯಿಂದ ಶುರುವಾದದ್ದು ನಿಮ್ಮ ಯುಎಸ್‌ಸಿ. ಐಎಂಎಫ್ ಪ್ಯಾಕೇಜ್ 2013ರ ಡಿಸೆಂಬರ್‌ಗೇ ಮುಗಿಯಿತು, ತೆರಿಗೆ ಮಾತ್ರ ಹೋಗಲಿಲ್ಲ. ದರ ಇಳಿಸಿದ್ದಾರೆ ಅಷ್ಟೇ. ಕಷ್ಟಕಾಲದ ತೆರಿಗೆಯನ್ನು ಯಾವ ಸರ್ಕಾರ ತಾನೇ ಸುಮ್ಮನೆ ಬಿಟ್ಟುಕೊಡುತ್ತದೆ!

ಬಾಡಿಗೆಯದೂ ಅದೇ ಕಥೆ. ಆಗ ದೇಶದ ನಡುಭಾಗದ ಲಾಂಗ್‌ಫರ್ಡ್ ಕಡೆ ಹೋದರೆ ಸಾಲು ಸಾಲು ಹೊಸ ಮನೆ, ಒಳಗೆ ಒಂದು ನರಪಿಳ್ಳೆ ಇಲ್ಲ. ಬೀದಿದೀಪದ ಕಂಬ ನಿಂತಿದೆ, ಕೆಳಗೆ ಡಾಂಬರಿಲ್ಲದ ರಸ್ತೆ, ಕಿಟಕಿಗೆ ಗಾಜಿನ ಬದಲು ಹಲಗೆ. ಬೇಡದ ಕಡೆ ಕಟ್ಟಿ ಕೈಸುಟ್ಟುಕೊಂಡವರು ಬೇಕಾದ ಕಡೆಯೂ ಕಟ್ಟುವುದನ್ನು ನಿಲ್ಲಿಸಿದರು. ವರ್ಷಕ್ಕೆ 10,000 ಮನೆಯೂ ಏಳದ ವರ್ಷಗಳು ಬಂದವು. ಗಾರೆಯವರು, ಬಡಗಿಗಳು, ಇಂಜಿನಿಯರುಗಳು ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟರು. ಆಮೇಲೆ ಕೆಲಸ ಬಂತು, ಜನ ಬಂದರು, ಮನೆ ಬರಲಿಲ್ಲ.

ಇನ್ನು ನಿಮ್ಮ ಭಯ. 2012ರ ಸುಮಾರಿಗೆ ನಿರುದ್ಯೋಗ ಶೇ. 15ರ ಹತ್ತಿರ ಹೋಗಿತ್ತು. ಆಗಲೂ ಇಲ್ಲಿನವರ ಸಿಟ್ಟು ನಮ್ಮ ಮೇಲೆ ತಿರುಗಲಿಲ್ಲ, ಬ್ಯಾಂಕು ಮತ್ತು ರಾಜಕಾರಣಿಗಳ ಮೇಲೆ ತಿರುಗಿತು. ದಶಕಗಟ್ಟಲೆ ಆಳಿದ ಫಿಯನಾ ಫಾಲ್ ಪಕ್ಷ 2007ರಲ್ಲಿ 77 ಸೀಟು ಗೆದ್ದದ್ದು 2011ರಲ್ಲಿ 20ಕ್ಕೆ ಕುಸಿಯಿತು. ಡಬ್ಲಿನ್ನಿನಲ್ಲೆಲ್ಲ ಆ ಪಕ್ಷದಿಂದ ಗೆದ್ದವರು ಒಬ್ಬರೇ. ತಮಾಷೆ ನೋಡಿ, ಅವರೇ ಆ ಜಾಮೀನು ಕೊಟ್ಟ ಹಣಕಾಸು ಮಂತ್ರಿ ಬ್ರಯಾನ್ ಲೆನಿಹನ್! ಮುಂದಿನ ಸರ್ಕಾರದಲ್ಲಿ ಪಾಲುದಾರರಾಗಿ ಖರ್ಚು ಕಡಿತಕ್ಕೆ ಕೈಜೋಡಿಸಿದ ಲೇಬರ್ ಪಕ್ಷಕ್ಕೂ 2016ರಲ್ಲಿ ಅದೇ ಗತಿ, 37 ಇದ್ದದ್ದು 7.

ವಲಸಿಗರ ಮೇಲಿನ ಸಿಡುಕು ಜೋರಾದದ್ದು ಬಹಳ ತಡವಾಗಿ, ಕೈತುಂಬ ಕೆಲಸವಿದ್ದ ಕಾಲದಲ್ಲಿ. 2023ರ ನವೆಂಬರ್‌ನಲ್ಲಿ ಡಬ್ಲಿನ್ ನಗರದ ನಡುಭಾಗದಲ್ಲಿ ಗಲಭೆಕೋರರು ಬಸ್ಸಿಗೆ ಬೆಂಕಿ ಇಟ್ಟರು. 2025ರ ಆಗಸ್ಟ್‌ನಲ್ಲಿ ನಮ್ಮ ರಾಯಭಾರ ಕಚೇರಿಯೇ ಭಾರತೀಯರಿಗೆ ಎಚ್ಚರಿಕೆಯಿಂದಿರಲು ಹೇಳಿತು. ನನ್ನ ಲೆಕ್ಕದಲ್ಲಿ ಇದಕ್ಕೆ ದೊಡ್ಡ ಕಾರಣ ಸಿಗದ ಮನೆ. ಅದಕ್ಕೇ, ಕುಸಿತಕ್ಕಿಂತ ಅದು ಉಳಿಸಿಹೋಗುವ ಬಾಕಿಗೆ ನಾನು ಹೆಚ್ಚು ಹೆದರುತ್ತೇನೆ.

ಕೆಲಸ ಹೋದರೂ ಮಾರನೇ ದಿನವೇ ಗಂಟುಮೂಟೆ ಕಟ್ಟಬೇಕಿಲ್ಲ. ಹುದ್ದೆಯೇ ಬೇಡವೆಂದು ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆದರೆ (ರಿಡಂಡೆನ್ಸಿ) ನಾಲ್ಕು ವಾರದೊಳಗೆ ಪರ್ಮಿಟ್ ಇಲಾಖೆಗೆ ತಿಳಿಸಿ, ಬೇರೆ ಕೆಲಸ ಹುಡುಕಲು ಆರು ತಿಂಗಳು ಕೊಡುತ್ತಾರೆ. ಅಷ್ಟು ತಿಂಗಳ ಬಾಡಿಗೆ ಖಾತೆಯಲ್ಲಿರಲಿ. ನಿಮ್ಮದು ಕ್ರಿಟಿಕಲ್ ಸ್ಕಿಲ್ಸ್ (ಕೊರತೆಯಿರುವ ಕೌಶಲಗಳ) ಪರ್ಮಿಟ್ ಅಂದಿರಿ, ಎರಡು ವರ್ಷದ ಹೊತ್ತಿಗೆ ಸ್ಟಾಂಪ್ 4, ಅಂದರೆ ಪರ್ಮಿಟ್ ಇಲ್ಲದೆಯೇ ಕೆಲಸ ಮಾಡಬಹುದಾದ ವಾಸದ ಅನುಮತಿ, ಸಿಗುತ್ತದೆ. ಮನೆ ಸಾಲದ ಮಾತು ಆಮೇಲೆ ಆಡೋಣ.