ಮಿಲ್‌ವಾಲ್ ಅಭಿಮಾನಿಗಳೆಂದರೆ ನಿಜವಾಗಿಯೂ ಪುಂಡರಾ? ಮಗ ಆ ಏರಿಯಾಗೆ ಓದಲು ಹೋಗುತ್ತಿದ್ದಾನೆ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಮಗನಿಗೆ ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಸೀಟು ಸಿಕ್ಕಿದೆ. ಅವನಿಗೆ ಫುಟ್‌ಬಾಲ್ ಹುಚ್ಚು. ಹತ್ತಿರದಲ್ಲೇ ಮಿಲ್‌ವಾಲ್ ಕ್ಲಬ್ಬಿನ ಮೈದಾನ ಇದೆ. ನೀವು ಆ ಹೆಸರು ಹುಡುಕಿದರೆ ಬರೀ ಹೊಡೆದಾಟದ ವಿಡಿಯೋಗಳೇ ಬರುತ್ತಿವೆ. ಈ ಹೆಸರು ಹೇಗೆ ಬಂತು, ಈಗಲೂ ಹಾಗೇನಾ ಎಂದು ಕೇಳಿದ್ದೀರಿ. ನಾನು ಹಾಸನದವನು. ಹದಿಮೂರು ವರ್ಷದಿಂದ ಆ ಮೈದಾನಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಸಂಸಾರ ಮಾಡಿಕೊಂಡಿದ್ದೇನೆ, ವರ್ಷಕ್ಕೆ ಏಳೆಂಟು ಮ್ಯಾಚ್ ನೋಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ವಿಡಿಯೋಗಳು ಸುಳ್ಳಲ್ಲ. ಏಟು ತಿಂದವರು, ಚೂರಿ ಹಾಕಿಸಿಕೊಂಡವರು ನಿಜವಾದ ಮನುಷ್ಯರು. ಆದರೆ ಮಿಲ್‌ವಾಲ್ ವಿಷಯದಲ್ಲಿ ಒಂದು ಹಂತ ದಾಟಿದ ಮೇಲೆ ಹೆಸರೇ ಕೆಲಸ ಮಾಡತೊಡಗಿತು. ಹೊಡೆದಾಡಬೇಕು ಅನ್ನುವವರು ಆ ಹೆಸರು ಹುಡುಕಿಕೊಂಡು ಬಂದರು. ಅದರ ಬೆಲೆ ತೆತ್ತವರು ಸುಮ್ನೆ ಆಟ ನೋಡಲು ಬರುತ್ತಿದ್ದ ಜನ.

ಕ್ಲಬ್ ಹುಟ್ಟಿದ್ದು 1885ರಲ್ಲಿ. ಲಂಡನ್ನಿನ ಪೂರ್ವದಲ್ಲಿ ಥೇಮ್ಸ್ ನದಿ ಬಳಸಿಕೊಂಡು ಹೋಗುವ ಐಲ್ ಆಫ್ ಡಾಗ್ಸ್ ಅನ್ನುವ ಜಾಗದಲ್ಲಿ, ಮಾರ್ಟನ್ ಎಂಬ ಜ್ಯಾಮ್ ಮತ್ತು ಡಬ್ಬಿ ಆಹಾರದ ಫ್ಯಾಕ್ಟರಿಯ ಕೆಲಸಗಾರರು ಕಟ್ಟಿದ ತಂಡ ಇದು. ಹಡಗಿನಿಂದ ಮೂಟೆ ಇಳಿಸುವವರು, ಹಡಗು ರಿಪೇರಿ ಮಾಡುವವರು, ಇವರೇ ನೋಡಲು ಬರುತ್ತಿದ್ದ ಜನ. ಹತ್ತು ವರ್ಷದ ನಂತರ ಅದೇ ನದಿಯ ದಡದಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರ ಕೆಲಸಗಾರರ ತಂಡ ಹುಟ್ಟಿತು. ಅದೇ ಮುಂದೆ ವೆಸ್ಟ್ ಹ್ಯಾಮ್ ಆಯಿತು. ಒಂದೇ ಬಂದರು, ಒಂದೇ ಕೂಲಿಗಾಗಿ ಪೈಪೋಟಿ, ಪಕ್ಕ ಪಕ್ಕದ ಕೇರಿಗಳು. ಇವರಿಬ್ಬರ ಪಂದ್ಯದಲ್ಲಿ 1906ರಲ್ಲೇ ಹೊಡೆದಾಟ ಆಗಿತ್ತು. 1910ರಲ್ಲಿ ಮಿಲ್‌ವಾಲ್ ನದಿ ದಾಟಿ ದಕ್ಷಿಣಕ್ಕೆ, ನಿಮ್ಮ ಮಗ ಹೋಗುತ್ತಿರುವ ನ್ಯೂ ಕ್ರಾಸ್ ಕಡೆಗೆ ಬಂತು. ಹೊಸ ಮೈದಾನಕ್ಕೆ 'ದಿ ಡೆನ್' ಎಂದು ಹೆಸರಿಟ್ಟರು. ಡೆನ್ ಅಂದರೆ ಸಿಂಹದ ಗುಹೆ.

ಆ ಗುಹೆಗೆ ಬಂದ ಎದುರು ತಂಡದವರಿಗೆ ಕಾಟ ತಪ್ಪುತ್ತಿರಲಿಲ್ಲ. ಪ್ರೇಕ್ಷಕರ ಗಲಾಟೆಗಾಗಿ 1920ರಿಂದ 1978ರ ಒಳಗೆ ಐದು ಸಲ ಡೆನ್‌ಗೆ ಬೀಗ ಬಿದ್ದಿದೆ. ಆದರೂ 60ರ ದಶಕದವರೆಗೆ ಇದು ಹೆಚ್ಚಾಗಿ ಸಿಟ್ಟಿನ ಗಲಾಟೆ. ರೆಫ್ರಿ ತಪ್ಪು ಮಾಡಿದ, ಎದುರಾಳಿ ಗೋಲ್‌ಕೀಪರ್ ಕೆಣಕಿದ, ಏನೋ ಎಸೆದರು, ಅಷ್ಟಕ್ಕೆ ಮುಗಿಯುತ್ತಿತ್ತು. ಮೊದಲೇ ಮಾತಾಡಿಕೊಂಡು, ಗುಂಪು ಕಟ್ಟಿಕೊಂಡು, ಇನ್ನೊಂದು ಊರಿಗೆ ರೈಲು ಹತ್ತಿ ಹೋಗಿ ಹೊಡೆದಾಡುವುದು ಆಮೇಲೆ ಬಂದ ಕಾಯಿಲೆ. ಅದು ಇಡೀ ಇಂಗ್ಲೆಂಡಿಗೇ ಬಂತು. ವೆಸ್ಟ್ ಹ್ಯಾಮ್, ಚೆಲ್ಸಿ, ಲೀಡ್ಸ್, ಎಲ್ಲ ಕಡೆ ಹೆಸರಿಟ್ಟುಕೊಂಡ ಗ್ಯಾಂಗುಗಳು ಇದ್ದವು.

ಮಿಲ್‌ವಾಲ್ ಹೆಸರು ಎದ್ದು ಕಂಡಿದ್ದು 1965ರ ನವೆಂಬರಿನಲ್ಲಿ. ಬ್ರೆಂಟ್‌ಫರ್ಡ್ ಮೈದಾನದಲ್ಲಿ ಪಂದ್ಯ. ಮಿಲ್‌ವಾಲ್ ಜನ ನಿಂತಿದ್ದ ಕಡೆಯಿಂದ ಒಂದು ಹ್ಯಾಂಡ್ ಗ್ರೆನೇಡ್ ಬಂದು ಬಿತ್ತು. ಬ್ರೆಂಟ್‌ಫರ್ಡ್ ಗೋಲ್‌ಕೀಪರ್ ಚಿಕ್ ಬ್ರೋಡಿ ಅದನ್ನು ಕೈಯಲ್ಲಿ ಎತ್ತಿ ನೋಡಿ ತನ್ನ ಗೋಲಿನೊಳಗೆ ಎಸೆದ. ಪೊಲೀಸರು ಓಡಿ ಬಂದರು. ನೋಡಿದರೆ ಅದು ಸಿಡಿಯದ, ಸತ್ತ ಗ್ರೆನೇಡ್. ಆದರೆ ಮರುದಿನದ ಪೇಪರುಗಳಿಗೆ ಯುದ್ಧವೇ ಬಂದಂತೆ ಬರೆಯಲು ಅಷ್ಟು ಸಾಕಾಯಿತು. 1967ರ ಜನವರಿಯಲ್ಲಿ ಇನ್ನೊಂದು ಘಟನೆ. ತಮ್ಮ ಮೈದಾನದಲ್ಲಿ ಸಾಲಾಗಿ 59 ಪಂದ್ಯ ಸೋಲದೆ ಬಂದಿದ್ದ ತಂಡ ಕೊನೆಗೆ ಪ್ಲಿಮತ್ ಎದುರು ಸೋತಿತು. ಹೊರಗೆ ಪ್ಲಿಮತ್ ತಂಡದ ಬಸ್ಸಿನ ಗಾಜು ಪುಡಿಯಾಯಿತು.

ಈ ಹೊತ್ತಿಗೆ ಬಂದರಿನ ಕೆಲಸ ಸಾಯುತ್ತಿತ್ತು. ದೊಡ್ಡ ಕಂಟೇನರ್ ಹಡಗುಗಳಿಗೆ ಇಲ್ಲಿನ ಹಳೆಯ ಡಾಕುಗಳು, ಅಂದರೆ ಹಡಗುಕಟ್ಟೆಗಳು, ಸಾಲಲಿಲ್ಲ. ನಮ್ಮ ಕಡೆಯ ಸರ್ರೆ ಡಾಕ್ಸ್ 1970ರಲ್ಲಿ ಮುಚ್ಚಿತು, ಆಚೆ ದಡದ್ದು 1980ರಲ್ಲಿ. ನಮ್ಮ ಪಕ್ಕದ ಮನೆಯ ಯಜಮಾನರ ತಂದೆ ಸರ್ರೆ ಡಾಕ್ಸ್‌ನಲ್ಲಿ ಮರದ ದಿಮ್ಮಿ ಹೊರುತ್ತಿದ್ದವರು. "ಅಪ್ಪನ ಕೆಲಸ ಹೋಯಿತು, ನನಗೆ ಬರಬೇಕಿದ್ದ ಕೆಲಸವೂ ಅದರ ಜೊತೆಗೇ ಹೋಯಿತು, ಶನಿವಾರದ ಮ್ಯಾಚ್ ಮಾತ್ರ ಉಳಿಯಿತು" ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಕೆಲಸ ಹೋಯಿತು ಅಂತ ಇನ್ನೊಬ್ಬರ ತಲೆ ಒಡೆಯುವುದು ನ್ಯಾಯ ಆಗುವುದಿಲ್ಲ, ಅದನ್ನು ಅವರೂ ಒಪ್ಪುತ್ತಾರೆ. ಆದರೆ ಕೈಯಲ್ಲಿ ಏನೂ ಇಲ್ಲದ ಹುಡುಗರಿಗೆ 'ನಾನು ಮಿಲ್‌ವಾಲ್' ಅನ್ನುವುದೇ ಒಂದು ಆಸ್ತಿ ಆಗಿಬಿಟ್ಟಿತ್ತು. ಅದನ್ನು ಬಿಟ್ಟು ಈ ಕಥೆ ಅರ್ಥ ಆಗುವುದಿಲ್ಲ.

1977ರಲ್ಲಿ ಬಿಬಿಸಿಯವರು ಇವರ ಗ್ಯಾಂಗುಗಳ ಬಗ್ಗೆ ಒಂದು ಟಿವಿ ಕಾರ್ಯಕ್ರಮ ಮಾಡಿದರು. ಬಯ್ಯುವುದಕ್ಕೆಂದೇ ಮಾಡಿದ್ದು, ಸರಿ. ಆದರೆ ಒಂದೊಂದು ಗ್ಯಾಂಗಿನ ಹೆಸರು, ವೇಷ, ಅವರ ಮಾತು ಎಲ್ಲ ದೇಶದ ಮನೆ ಮನೆಗೆ ತಲುಪಿತು. ನನ್ನ ಅನಿಸಿಕೆಯಲ್ಲಿ ಕ್ಲಬ್ಬಿಗೆ ಅದಕ್ಕಿಂತ ದೊಡ್ಡ ಹಾನಿ ಬೇರೆ ಇಲ್ಲ. ಪುಕ್ಕಟೆ ಜಾಹೀರಾತು ಅದು. ಮುಂದಿನ ಮಾರ್ಚಿನಲ್ಲೇ ಇಪ್ಸ್‌ವಿಚ್ ಎದುರಿನ ಎಫ್‌ಎ ಕಪ್ (ಸೋತವರು ಹೊರಬೀಳುವ, ಇಂಗ್ಲೆಂಡಿನ ಕ್ಲಬ್ಬುಗಳ ಟೂರ್ನಿ) ಪಂದ್ಯದಲ್ಲಿ ಡೆನ್ ಒಳಗೇ ದೊಂಬಿ ಎದ್ದಿತು. ಮಿಲ್‌ವಾಲ್ 6-1ರಿಂದ ಸೋತಿತು, ಮೈದಾನಕ್ಕೆ ಮತ್ತೆ ಬೀಗ. ಸರಿಸುಮಾರು ಅದೇ ಕಾಲಕ್ಕೆ ಆ ಘೋಷಣೆಯೂ ಹುಟ್ಟಿತು, ಯಾರಿಗೂ ನಾವು ಇಷ್ಟವಿಲ್ಲ, ಅದಕ್ಕೆ ನಮಗೇನೂ ಇಲ್ಲ ಅನ್ನುವ ಅರ್ಥದ್ದು. ಇವತ್ತಿಗೂ ಪ್ರತಿ ಮ್ಯಾಚಿನಲ್ಲಿ ಹಾಡುತ್ತಾರೆ. ಹೊಸಬರು ಕೇಳಿದರೆ ಸೊಕ್ಕು ಅನಿಸುತ್ತದೆ. ಪಕ್ಕದಲ್ಲಿ ಕೂತು ಕೇಳಿದರೆ ಅದರಲ್ಲಿ ಗಾಯವೂ ಇದೆ.

ಎಲ್ಲಕ್ಕಿಂತ ಕೆಟ್ಟದ್ದು 1985ರ ಮಾರ್ಚ್ 13, ಬುಧವಾರ ರಾತ್ರಿ. ಲೂಟನ್ ಊರಿನಲ್ಲಿ ಎಫ್‌ಎ ಕಪ್ ಕ್ವಾರ್ಟರ್ ಫೈನಲ್. ಪಕ್ಕದ ಮನೆಯವರು ಆಗ ಹತ್ತೊಂಬತ್ತರ ಹುಡುಗ, ಅಲ್ಲೇ ಇದ್ದರು. ಲೂಟನ್‌ನವರು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಜನ ಹೊರಗಿನಿಂದ ಬಂದಿದ್ದರು. ಗೇಟು ಮುರಿದು ಒಳಗೆ ನುಗ್ಗಿದರು. ನಿಲ್ಲುವ ಮೆಟ್ಟಿಲುಗಳ ಮೇಲೆ ಎಷ್ಟು ಒತ್ತಡ ಅಂದರೆ, ಕೈ ಮೇಲೆತ್ತಿದವರಿಗೆ ಅದನ್ನು ಕೆಳಗಿಳಿಸಲು ಜಾಗ ಇರಲಿಲ್ಲವಂತೆ. ಪಕ್ಕದ ಮನೆಯವರು ಉಸಿರಾಡಲು ಬೇಲಿ ಹತ್ತಿದರು. ಅವರ ಪಕ್ಕದಲ್ಲಿ ಹತ್ತಿದವನ ಕೈಯಲ್ಲಿ ಬಾಟಲಿ ಇತ್ತು. ಆ ರಾತ್ರಿಯನ್ನು ನೆನೆದಾಗೆಲ್ಲ ಅವರು ಹೇಳುವುದು ಇದನ್ನೇ: "ಟಿವಿಯಲ್ಲಿ ನೋಡಿದವರಿಗೆ ನಾವಿಬ್ಬರೂ ಒಂದೇ ಥರ ಕಂಡೆವು."

ಹದಿನಾಲ್ಕನೇ ನಿಮಿಷಕ್ಕೆ ರೆಫ್ರಿ ಆಟ ನಿಲ್ಲಿಸಿದ. ಮಿಲ್‌ವಾಲ್ ಮ್ಯಾನೇಜರ್ ಜಾರ್ಜ್ ಗ್ರಹಾಂ ಜನರನ್ನು ಬೇಡಿಕೊಂಡರು. ಇಪ್ಪತ್ತೈದು ನಿಮಿಷ ಬಿಟ್ಟು ಆಟ ಮುಂದುವರಿಯಿತು, ಲೂಟನ್ 1-0ಯಿಂದ ಗೆದ್ದಿತು. ಸೀಟಿ ಊದಿದ್ದೇ ತಡ, ಜನ ಮೈದಾನಕ್ಕೆ ಇಳಿದರು. ಸುಮಾರು 700 ಸೀಟುಗಳನ್ನು ಕಿತ್ತು ಪೊಲೀಸರ ಮೇಲೆ ಎಸೆದರು. ಒಬ್ಬ ಪೊಲೀಸ್ ಸಾರ್ಜೆಂಟ್ ತಲೆಗೆ ಕಾಂಕ್ರೀಟ್ ತುಂಡು ಬಿದ್ದು ಉಸಿರೇ ನಿಂತಿತು. ಜೊತೆಗಿದ್ದ ಪೇದೆ, ಮೇಲಿಂದ ಕಲ್ಲು ಬೀಳುತ್ತಿರುವಾಗಲೇ ಮೊಣಕಾಲೂರಿ ಕೂತು, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಬದುಕಿಸಿದ. ಲೂಟನ್ ಗೋಲಿನ ಬಳಿ ಆಮೇಲೆ ಒಂದು ಚಾಕು ಸಿಕ್ಕಿತು. ಒಟ್ಟು 81 ಜನರಿಗೆ ಗಾಯ, ಅದರಲ್ಲಿ 31 ಪೊಲೀಸರು.

ಅರೆಸ್ಟ್ ಆದ 31 ಮಂದಿಯನ್ನು ಮರುದಿನ ಕೋರ್ಟಿಗೆ ತಂದರು. ನಿನ್ನ ಕ್ಲಬ್ ಯಾವುದು ಎಂದು ಕೇಳಿದರೆ ಅವರಲ್ಲಿ ಅನೇಕರು ಚೆಲ್ಸಿ ಅಂದರು, ವೆಸ್ಟ್ ಹ್ಯಾಮ್ ಅಂದರು. ಹೆಸರು ಹುಡುಕಿಕೊಂಡು ಬಂದರು ಅಂತ ಮೇಲೆ ಹೇಳಿದ್ದು ಇದಕ್ಕೇ. ಇದರಿಂದ ಮಿಲ್‌ವಾಲ್‌ನವರ ಪಾಪ ಕಳೆಯಿತು ಅಂತ ನಾನು ಹೇಳುತ್ತಿಲ್ಲ, ಅವತ್ತು ಸೀಟು ಕಿತ್ತವರಲ್ಲಿ ಇಲ್ಲಿನವರೂ ಸಾಕಷ್ಟು ಇದ್ದರು. ಆದರೆ ಇತಿಹಾಸದಲ್ಲಿ ಉಳಿದಿದ್ದು ಒಂದೇ ಹೆಸರು.

ಎರಡು ತಿಂಗಳಾದ ಮೇಲೆ, ಮೇ 29ಕ್ಕೆ ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. ಇಂಗ್ಲಿಷ್ ಕ್ಲಬ್ಬುಗಳಿಗೆ ಐದು ವರ್ಷ ಯುರೋಪಿನ ಟೂರ್ನಿಗಳ ಬಾಗಿಲು ಮುಚ್ಚಿತು, ಲಿವರ್‌ಪೂಲ್‌ಗೆ ಆರು. ಪ್ರಧಾನಿ ಥ್ಯಾಚರ್ ಎಲ್ಲ ಅಭಿಮಾನಿಗಳಿಗೂ ಗುರುತಿನ ಚೀಟಿ ಮಾಡಬೇಕೆಂದು ಹಟ ಹಿಡಿದರು. ಲೂಟನ್ ಕ್ಲಬ್ ನಾಲ್ಕು ಸೀಸನ್ ಹೊರಗಿನ ಅಭಿಮಾನಿಗಳನ್ನೇ ಒಳಗೆ ಬಿಡಲಿಲ್ಲ. ಫುಟ್‌ಬಾಲ್ ನೋಡುವವನೆಂದರೆ ಬೋನಿನಲ್ಲಿ ಇಡಬೇಕಾದ ಪ್ರಾಣಿ ಅನ್ನುವ ನೋಟ ಬಂದುಬಿಟ್ಟಿತು. ಪುಂಡರನ್ನು ತಡೆಯಲೆಂದು ಮೊದಲೇ ಹಾಕಿದ್ದ ಕಬ್ಬಿಣದ ಬೇಲಿಗಳಿದ್ದವಲ್ಲ, 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಅದೇ ಬೇಲಿಗೆ ಒತ್ತಿ, ನಜ್ಜುಗುಜ್ಜಾಗಿ, ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಒಟ್ಟು 97 ಜೀವ. ಅವರಲ್ಲಿ ಯಾರೂ ಗಲಾಟೆ ಮಾಡಿರಲಿಲ್ಲ. ಪೊಲೀಸರು ಮಾತ್ರ ಅಭಿಮಾನಿಗಳ ಮೇಲೇ ತಪ್ಪು ಹೊರಿಸಿದರು. ಆ ಸುಳ್ಳು ಬಿದ್ದು, ಇದು ಕಾನೂನುಬಾಹಿರ ಸಾವು ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ಪುಂಡಾಟದ ಇತಿಹಾಸ ಓದುವವರು ಈ ಪುಟ ಬಿಟ್ಟರೆ ಏನೂ ಓದಿದಂತಾಗುವುದಿಲ್ಲ. ನನಗೆ ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಮಿಲ್‌ವಾಲ್‌ಗೆ ಮರಳಿ ಬರುತ್ತೇನೆ. ಲೂಟನ್ ಆದ ಮೇಲಿನ ವರ್ಷಗಳಲ್ಲಿ ಕ್ಲಬ್ ನಿಜವಾಗಿ ಕೆಲಸ ಮಾಡಿತು. ಸ್ಥಳೀಯ ಲೂಯಿಶಮ್ ಪಾಲಿಕೆ ಆಟಗಾರರ ಅಂಗಿಗೆ ಪ್ರಾಯೋಜಕ ಆಯಿತು, ಮ್ಯಾಚ್‌ಗೆ ಬರುವ ತಾಯಂದಿರಿಗಾಗಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. 1988ರಲ್ಲಿ ತಂಡ ಮೊದಲ ಸಲ ಎಲ್ಲಕ್ಕಿಂತ ಮೇಲಿನ ಡಿವಿಷನ್‌ಗೆ ಏರಿತು. 1993ರಲ್ಲಿ ಎಲ್ಲರೂ ಕೂತು ನೋಡುವ ಹೊಸ ಡೆನ್ ಕಟ್ಟಿದರು. ಆದರೂ ರೋಗ ಪೂರ್ತಿ ಹೋಗಲಿಲ್ಲ. 1994ರಲ್ಲಿ ಡರ್ಬಿ ಎದುರಿನ ಪಂದ್ಯದಲ್ಲಿ ಜನ ಮೈದಾನಕ್ಕೆ ನುಗ್ಗಿದರು. 2002ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು, ಮೇಲಿನ ಡಿವಿಷನ್‌ಗೆ ಮರಳುವ ಇವರ ಕನಸು ಮುರಿದಾಗ, ಹೊರಗಿನ ಬೀದಿಗಳಲ್ಲಿ ಬೆಂಕಿ, ಕಲ್ಲು. 47 ಪೊಲೀಸರಿಗೂ 24 ಪೊಲೀಸ್ ಕುದುರೆಗಳಿಗೂ ಗಾಯವಾಯಿತು. ಆ ಮೂಕ ಪ್ರಾಣಿಗಳು ಏನು ಮಾಡಿದ್ದವು? ಅದಾದ ಮೇಲೆ ಕ್ಲಬ್, ಸದಸ್ಯತ್ವ ಇದ್ದವರಿಗೆ ಮಾತ್ರ ಟಿಕೆಟ್ ಅನ್ನುವ ಕಟ್ಟುನಿಟ್ಟು ತಂದಿತು.

2009ರ ಆಗಸ್ಟಿನಲ್ಲಿ ವೆಸ್ಟ್ ಹ್ಯಾಮ್ ಮೈದಾನದಲ್ಲಿ ಇಬ್ಬರ ಪಂದ್ಯ ನಡೆದಾಗಲೂ ಹೊರಗೆ ಹೊಡೆದಾಟ, ಒಬ್ಬನಿಗೆ ಚೂರಿ ಇರಿತ. ವಿಚಾರಣೆ ಮುಗಿದಾಗ ದಂಡ ಬಿದ್ದಿದ್ದು ವೆಸ್ಟ್ ಹ್ಯಾಮ್‌ಗೆ, ಮಿಲ್‌ವಾಲ್ ಮೇಲಿನ ಆರೋಪ ನಿಲ್ಲಲಿಲ್ಲ. ಅದು ಎಷ್ಟು ಜನಕ್ಕೆ ನೆನಪಿದೆ? 2013ರಲ್ಲಿ ವೆಂಬ್ಲಿ ಮೈದಾನದಲ್ಲಿ ಮಾತ್ರ ಬೇರೆ ಯಾರ ಮೇಲೂ ತಪ್ಪು ಹಾಕುವಂತಿರಲಿಲ್ಲ, ಅವತ್ತು ಮಿಲ್‌ವಾಲ್‌ನವರು ತಮ್ಮ ತಮ್ಮಲ್ಲೇ ಬಡಿದಾಡಿಕೊಂಡರು.

ಇನ್ನು ನೀವು ನೇರವಾಗಿ ಕೇಳದೆ, ಮನಸ್ಸಿನಲ್ಲಿ ಇಟ್ಟುಕೊಂಡಿರುವ ಪ್ರಶ್ನೆ. ನಮ್ಮ ಮೈಬಣ್ಣದ ಹುಡುಗ ಅಲ್ಲಿ ಹೋಗಬಹುದಾ? 70ರ ದಶಕದಲ್ಲಿ ನ್ಯಾಷನಲ್ ಫ್ರಂಟ್‌ನಂಥ ಜನಾಂಗ ದ್ವೇಷದ ಪಕ್ಷದವರು ಇಂಥ ಮೈದಾನಗಳ ಹೊರಗೆ ನಿಂತು ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದರು. 2020ರ ಡಿಸೆಂಬರ್ 5ರಂದು, ಕೋವಿಡ್ ನಂತರ ಮೊದಲ ಸಲ 2,000 ಜನರನ್ನು ಒಳಗೆ ಬಿಟ್ಟಾಗ, ಜನಾಂಗ ದ್ವೇಷದ ವಿರುದ್ಧ ಮಂಡಿಯೂರಿದ ಆಟಗಾರರಿಗೆ ಡೆನ್‌ನಲ್ಲಿ ಕೆಲವರು ಅಣಕಿಸಿ ಹೋ ಎಂದು ಕೂಗಿದರು. ನನಗೆ ಅವತ್ತು ತುಂಬಾ ನೋವಾಯಿತು, ಮುಚ್ಚಿಡುವುದಿಲ್ಲ. ಮುಂದಿನ ಪಂದ್ಯಕ್ಕೆ ಎರಡೂ ತಂಡದ ಆಟಗಾರರು ತೋಳಿಗೆ ತೋಳು ಸೇರಿಸಿ ನಿಂತಾಗ ಅದೇ ಮೈದಾನ ಚಪ್ಪಾಳೆ ತಟ್ಟಿತು. ಎರಡೂ ನಡೆದದ್ದೇ. ನನ್ನ ಮಟ್ಟಿಗೆ ಹೇಳುವುದಾದರೆ, ಇಷ್ಟು ವರ್ಷದಲ್ಲಿ ಅಲ್ಲಿ ನನ್ನ ಮುಖಕ್ಕೆ ಯಾರೂ ಒಂದು ಕೆಟ್ಟ ಮಾತು ಆಡಿಲ್ಲ. ನನ್ನ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ.

ಈಗಿನ ಪರಿಸ್ಥಿತಿ ಹೀಗಿದೆ. ಎಲ್ಲ ಕಡೆ ಕ್ಯಾಮೆರಾ. ಗಲಾಟೆ ಮಾಡಿದವನಿಗೆ ಕೋರ್ಟು ಮೂರರಿಂದ ಹತ್ತು ವರ್ಷ ಮೈದಾನಕ್ಕೆ ಕಾಲಿಡದಂತೆ ನಿಷೇಧ ಹಾಕುತ್ತದೆ. ಸೌತ್ ಬರ್ಮಂಡ್ಸಿ ಸ್ಟೇಷನ್ನಿನಿಂದ ಎದುರು ತಂಡದ ಜನರಿಗೇ ಒಂದು ಪ್ರತ್ಯೇಕ ಕಾಲುದಾರಿ ಇದೆ, ಅದು ನೇರ ಅವರ ಸ್ಟ್ಯಾಂಡಿಗೆ ಹೋಗುತ್ತದೆ. ಮ್ಯಾಚ್ ದಿನ ಅದರ ಈಚೆ ನಿಂತರೆ ಆಚೆ ಹೋಗುವವರ ಹಾಡು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ನನ್ನ ಮಗಳು ಮೊದಲ ಸಲ ಬಂದಾಗ "ಅವರು ಯಾಕಪ್ಪಾ ಬೇರೆ ದಾರೀಲಿ ಹೋಗ್ತಾರೆ?" ಎಂದು ಕೇಳಿದ್ದಳು. ಈ ಮೇಲಿನದೆಲ್ಲ ಅವಳಿಗೆ ಹೇಳಲು ಆಗ ನನ್ನಿಂದ ಆಗಲಿಲ್ಲ.

ಮಗನನ್ನು ಧೈರ್ಯವಾಗಿ ಕಳಿಸಿ. ಮೊದಲ ಮ್ಯಾಚ್‌ಗೆ ಲೀಡ್ಸ್ ಅಥವಾ ವೆಸ್ಟ್ ಹ್ಯಾಮ್ ಬರುವ ದಿನ ಬೇಡ, ಸಾಧಾರಣ ಶನಿವಾರದ ಮಧ್ಯಾಹ್ನದ ಪಂದ್ಯ ಆರಿಸಿಕೊಳ್ಳಲಿ. ಎದುರು ತಂಡದ ಬಣ್ಣದ ಜರ್ಸಿ ಹಾಕಿಕೊಂಡು ಮಿಲ್‌ವಾಲ್ ಜನರ ಮಧ್ಯೆ ಕೂರುವುದು ಬೇಡ, ಇದು ಇಂಗ್ಲೆಂಡಿನ ಯಾವ ಮೈದಾನಕ್ಕೂ ಅನ್ವಯ. ಡಾಕರ್ಸ್ ಸ್ಟ್ಯಾಂಡ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಲಿ, ಬಂದರಿನ ಆ ಹಳೆಯ ಕೂಲಿಗಳ ನೆನಪಿಗೆ ಇಟ್ಟ ಹೆಸರು ಅದು. ನಾವೂ ಅಲ್ಲೇ ಕೂರುವುದು. ಮಗ ಬರುವ ದಿನ ಖಚಿತ ಆದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ, ಮೊದಲ ಸಲ ನಾನೇ ಜೊತೆಗೆ ಕರೆದುಕೊಂಡು ಹೋಗುತ್ತೇನೆ.