ಎಲ್ಲರೂ ಕೂಮಿಯನ್ನು ಬೈದ ದಿನ

(ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಕಾದಂಬರಿಯ ಕೊನೆಯ ಭಾಗವೂ ಇಲ್ಲಿ ಬರುತ್ತದೆ. ಓದದವರು ಗಮನಿಸಿ.)

ವಸುಧಾ ಅವರಿಗೆ 48 ವರ್ಷ. ಮೈಸೂರಿನವರು. ಟೊರಾಂಟೊ ಪಕ್ಕದ ಊರಿನಲ್ಲಿ 17 ವರ್ಷದಿಂದ ಇದ್ದಾರೆ. ಸಲಹೆ ಕೇಳಲು ನನಗೆ ಮಾಡಿದ ಮೊದಲ ವಿಡಿಯೊ ಕರೆಯಲ್ಲೇ, "ಮೇಡಂ, ಒಂದು ಪುಸ್ತಕ ಓದಿ ಹೀಗಾಗಿದ್ದೀನಿ. ಹೇಳೋಕೆ ನಾಚಿಕೆ ಆಗುತ್ತೆ" ಎಂದರು. 12 ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಜೀವ ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ನಿದ್ದೆಯ ವಿಷಯಕ್ಕೆ ಅಲ್ಲಿನ ಫ್ಯಾಮಿಲಿ ಡಾಕ್ಟರನ್ನು ನೋಡಲು ಹೇಳಿ, ಆಮೇಲೆ ಪುಸ್ತಕದ ಮಾತಿಗೆ ಬಂದೆ.

ಅದು ರೋಹಿಂಟನ್ ಮಿಸ್ತ್ರಿಯವರ 'ಫ್ಯಾಮಿಲಿ ಮ್ಯಾಟರ್ಸ್'. 2002ರಲ್ಲಿ ಬಂದ ಕಾದಂಬರಿ. ಮಿಸ್ತ್ರಿ 1975ರಲ್ಲೇ ಕೆನಡಾಕ್ಕೆ ಹೋದವರು, ಆದರೆ ಕಥೆ ನಡೆಯುವುದು ಮುಂಬೈಯ ಪಾರ್ಸಿ ಮನೆಯಲ್ಲಿ. ನರಿಮನ್ ಎಂಬ 79ರ ಮುದುಕರಿಗೆ ಪಾರ್ಕಿನ್ಸನ್ ಕಾಯಿಲೆ. ಬಿದ್ದು ಕಾಲಿನ ಮೂಳೆ ಮುರಿದುಕೊಳ್ಳುತ್ತಾರೆ. ದೊಡ್ಡ ಫ್ಲ್ಯಾಟಿನಲ್ಲಿರುವ ಮಲಮಗಳು ಕೂಮಿಗೆ ಬೆಡ್‌ಪ್ಯಾನ್ ಹಿಡಿದು ಸಾಕಾಗುತ್ತದೆ. ಅವರನ್ನು ತಂಗಿ ರೊಕ್ಸಾನಾಳ ಪುಟ್ಟ ಮನೆಗೆ ಸಾಗಿಸಿಬಿಡುತ್ತಾಳೆ. ವಾಪಸ್ ಕರೆಸಿಕೊಳ್ಳುವ ದಿನ ಬಂದಾಗ, ತಮ್ಮದೇ ಮನೆಯ ಚಾವಣಿಯ ಗಾರೆಯನ್ನು ಒಡೆಸಿ, ಮನೆ ಸರಿಯಿಲ್ಲ ಎನ್ನುತ್ತಾಳೆ. ಕೊನೆಗೆ ಅದೇ ಚಾವಣಿಯ ರಿಪೇರಿ ನಡೆಯುವಾಗ ತೊಲೆ ಬಿದ್ದು ಸಾಯುತ್ತಾಳೆ.

ವಸುಧಾ ಇದನ್ನು ಓದಿದ್ದು ಒಂದು ಓದುಗರ ಗುಂಪಿನ ಜೊತೆ. ಹತ್ತು ಜನ, ತಿಂಗಳಿಗೊಂದು ಪುಸ್ತಕ. ಆ ದಿನ ಎಲ್ಲರೂ ಕೂಮಿಯನ್ನು ಬೈದರು. ಒಬ್ಬರು "ಅವಳಿಗೆ ತಕ್ಕದ್ದೇ ಆಯಿತು" ಎಂದರು. ವಸುಧಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಎದ್ದು ಹೊರಗೆ ಬಂದರು. ಕಾರಿನಲ್ಲಿ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದರಂತೆ. ಎಂಜಿನ್ ಕೂಡ ಆನ್ ಮಾಡಿರಲಿಲ್ಲ. ಅದು ಫೆಬ್ರವರಿ.

ಯಾಕೆ ಎಂದು ಎರಡನೇ ಭೇಟಿಯಲ್ಲಿ ಹೇಳಿದರು.

ಮೂರು ವರ್ಷದ ಹಿಂದೆ ಅವರ ಅಪ್ಪ ಸೂಪರ್ ವೀಸಾದ (ಅಲ್ಲಿ ನೆಲೆಸಿದವರ ಅಪ್ಪ ಅಮ್ಮ ಬಂದು ದೀರ್ಘಕಾಲ ಇರಲು ಕೊಡುವ ವೀಸಾ) ಮೇಲೆ ಕೆನಡಾಕ್ಕೆ ಬಂದಿದ್ದರು. ಅವರಿಗೂ ಪಾರ್ಕಿನ್ಸನ್. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದರು. ಸೂಪರ್ ವೀಸಾದಲ್ಲಿ ಬಂದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಸಿಗುವುದಿಲ್ಲ. ಖಾಸಗಿ ವಿಮೆ ಕಡ್ಡಾಯ, ಕನಿಷ್ಠ 1,00,000 ಡಾಲರಿನದ್ದು. ಇವರು ಕೊಂಡ ವಿಮೆಯಲ್ಲಿ ಹಳೆಯ ಕಾಯಿಲೆಯ ಖರ್ಚು ಸೇರಿರಲಿಲ್ಲ. ಅಪ್ಪ ಬಚ್ಚಲುಮನೆಯಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ಆದರೆ ಬಿಲ್ ನೋಡಿ ಗಂಡ ಹೆಂಡತಿ ಇಬ್ಬರೂ ಹೆದರಿದರು. ವಾರದೊಳಗೆ ವಸುಧಾ ತಂಗಿಗೆ ಫೋನ್ ಮಾಡಿ, "ಈ ಚಳಿ ಅಪ್ಪಾಜಿಗೆ ಆಗೋದೇ ಇಲ್ಲ ಅಂತ ಡಾಕ್ಟರ್ ಹೇಳಿದ್ರು, ಊರಿಗೆ ಕಳಿಸಲೇಬೇಕಂತೆ" ಎಂದರು.

ಡಾಕ್ಟರ್ ಹಾಗೆ ಹೇಳಿರಲೇ ಇಲ್ಲ.

ಅಪ್ಪ ಈಗ ಮೈಸೂರಿನಲ್ಲಿ ತಂಗಿಯ ಎರಡು ಕೋಣೆಯ ಮನೆಯಲ್ಲಿದ್ದಾರೆ. ನಡುಮನೆಯ ದಿವಾನ್ ಕಾಟಿನ ಮೇಲೆ ಮಲಗುತ್ತಾರೆ. ವಸುಧಾರ ಮನೆಯಲ್ಲಿ ಅಪ್ಪನ ಕೋಣೆ ಖಾಲಿ ಇದೆ. "ಅದೇ ನನ್ನ ಚಾವಣಿ ಮೇಡಂ" ಎಂದರು. ಮೂರು ವರ್ಷದಲ್ಲಿ ಈ ಮಾತನ್ನು ಗಂಡನಿಗೂ ಹೇಳಿರಲಿಲ್ಲ.

ಓದಿ ಅತ್ತವರನ್ನು ತುಂಬ ಜನರನ್ನು ನೋಡಿದ್ದೇನೆ. ಮನೆಯ ಕಷ್ಟದ ಕಥೆ ಓದುವಾಗ ಸಾಮಾನ್ಯವಾಗಿ ನಾವು ನರಳುವವರ ಪಕ್ಕ ಕೂರುತ್ತೇವೆ. ರೊಕ್ಸಾನಾಳ ಜೊತೆ ಕೂತು ಕಣ್ಣೊರೆಸಿಕೊಳ್ಳುವುದು ಸುಲಭ. ಕೂಮಿಯಲ್ಲಿ ತನ್ನ ಮುಖ ಕಂಡವರ ಜೊತೆ ಮಾತಾಡುವವರು ಗುಂಪಿನಲ್ಲಿ ಯಾರೂ ಇರುವುದಿಲ್ಲ. ಅವತ್ತು ಆ ಕೋಣೆಯಲ್ಲಿ ಬಾಯಿ ಬಿಡದೆ ಕೂತವರು ಇನ್ನೂ ಇಬ್ಬರಾದರೂ ಇದ್ದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಾನು ವಸುಧಾಗೆ ಕಾದಂಬರಿಯನ್ನು ಇನ್ನೊಮ್ಮೆ ತೆರೆಯಲು ಹೇಳಿದೆ. ಇಡೀ ಪುಸ್ತಕ ಬೇಡ, ಕೂಮಿ ಬರುವ ಪುಟಗಳು ಮಾತ್ರ ಸಾಕು ಎಂದೆ. ಅವಳ ಸಿಟ್ಟು ಎಲ್ಲಿಂದ ಬಂತು ನೋಡಿ. ನರಿಮನ್ ಪ್ರೀತಿಸಿದ್ದು ಲೂಸಿ ಎಂಬ ಹುಡುಗಿಯನ್ನು. ಮನೆಯವರ ಒತ್ತಾಯಕ್ಕೆ ಕೂಮಿಯ ಅಮ್ಮನನ್ನು ಮದುವೆಯಾದರು. ಆ ಮದುವೆ ಅಮ್ಮನನ್ನು ಹೇಗೆ ಹಿಂಡಿತು ಎನ್ನುವುದನ್ನು ಕೂಮಿ ನೋಡುತ್ತಲೇ ಬೆಳೆದಳು. ಅವಳು ಮಾಡಿದ್ದು ತಪ್ಪೇ. ಆದರೆ ಅವಳ ನೋವನ್ನು ಆ ಮನೆಯಲ್ಲಿ ಒಬ್ಬರೂ ಕೂತು ಕೇಳಲಿಲ್ಲ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದೆ. ಅಪ್ಪನ ಉಚ್ಚೆ ಬಟ್ಟೆ ಒಗೆಯುವಾಗ ಹೇಸಿಗೆ ಆಯಿತು ಅಂದರೆ ನೀವು ಕೆಟ್ಟವರಲ್ಲ. ದಣಿದ ಮೈಗೆ ಹಾಗೆ ಆಗುತ್ತದೆ. ಸುಳ್ಳು ಹೇಳಿದ್ದು ಮಾತ್ರ ಬೇರೆ ಲೆಕ್ಕ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

"ಹಾಗಾದ್ರೆ ಅಪ್ಪಾಜಿ ಹತ್ರ ತಪ್ಪೊಪ್ಪಿಕೊಳ್ಳಲಾ?" ಎಂದು ಕೇಳಿದರು. ಈಗಲೇ ಬೇಡ ಎಂದೆ. ಹೇಳಿದರೆ ನಿಮ್ಮ ಎದೆ ಹಗುರಾಗಬಹುದು, ಅವರದ್ದು ಭಾರವಾಗಬಹುದು. ಆ ಸುಳ್ಳಿನ ಹೊರೆಯನ್ನು ದಿನಾ ಹೊರುತ್ತಿರುವುದು ಯಾರು? ತಂಗಿ. ಅಲ್ವಾ?

ತಂಗಿಗೆ ಹೇಳುವ ಮೊದಲು ಒಂದು ಕೆಲಸ ಕೊಟ್ಟೆ. ಕೆನಡಾದ ಇನ್ನೊಬ್ಬ ಲೇಖಕಿ ಮಿರಿಯಮ್ ಟೇವ್ಸ್, 2000ದಲ್ಲಿ ತಮ್ಮ ಅಪ್ಪನ ಬಗ್ಗೆ 'ಸ್ವಿಂಗ್ ಲೋ' ಎಂಬ ನೆನಪಿನ ಪುಸ್ತಕ ಬರೆದರು. ಅಪ್ಪ ಮ್ಯಾನಿಟೋಬಾದ ಸ್ಟೈನ್‌ಬಾಕ್ ಎಂಬ ಊರಿನ ಶಾಲಾ ಮೇಷ್ಟರು. ಮನಸ್ಸು ಅತಿ ಉತ್ಸಾಹಕ್ಕೂ ತೀವ್ರ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯ ಜೊತೆ ಬದುಕಿದವರು, 1998ರಲ್ಲಿ ತೀರಿಹೋದರು. ಮಗಳು ಪುಸ್ತಕವನ್ನು ತನ್ನ ದನಿಯಲ್ಲಿ ಬರೆಯಲಿಲ್ಲ. ಅಪ್ಪನೇ 'ನಾನು' ಎಂದು ಹೇಳುವ ಹಾಗೆ ಬರೆದರು. ಆ ಪುಸ್ತಕ ಸದ್ಯಕ್ಕೆ ಓದಬೇಡಿ, ನಿದ್ದೆ ಸರಿಹೋಗಲಿ ಎಂದೆ. ರೀತಿಯನ್ನು ಮಾತ್ರ ತಗೊಳ್ಳಿ. ಮೈಸೂರಿನಲ್ಲಿ ಅಪ್ಪಾಜಿಯ ಒಂದು ದಿನವನ್ನು ಅವರ ಬಾಯಲ್ಲೇ, ಕನ್ನಡದಲ್ಲಿ, ಒಂದು ಪುಟ ಬರೆಯಿರಿ.

ಮುಂದಿನ ವಾರ ಅವರು ಕ್ಯಾಮೆರಾದ ಮುಂದೆ ಹಿಡಿದ ಹಾಳೆಯಲ್ಲಿ ಆರು ಸಾಲಿತ್ತು. "ಮಾತ್ರೆ ಬರುವವರೆಗೆ ಕೈ ನನ್ನ ಮಾತು ಕೇಳುವುದಿಲ್ಲ. ಚಿಕ್ಕವಳು ಹಲ್ಲುಜ್ಜಿಸುತ್ತಾಳೆ" ಎಂದು ಶುರುವಾಗಿತ್ತು. ಆರನೇ ಸಾಲು "ಆಮೇಲೆ ತಿಂಡಿಗೆ" ಎಂದು ಅಲ್ಲಿಗೇ ನಿಂತಿತ್ತು.

"ತಿಂಡಿಗೆ ಏನು ತಿಂತಾರೆ ಅಂತ ನನಗೆ ಗೊತ್ತಿಲ್ಲ ಮೇಡಂ" ಎಂದರು. "ಸ್ನಾನ ಯಾರು ಮಾಡಿಸ್ತಾರೆ, ಅದೂ ಗೊತ್ತಿಲ್ಲ. ಪ್ರತಿ ಭಾನುವಾರ ವಿಡಿಯೊದಲ್ಲಿ ಹುಷಾರಾಗಿದ್ದೀರಾ ಅಂತ ಕೇಳ್ತೀನಿ. ಅಷ್ಟೇ."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಇಷ್ಟು. ತಂಗಿಗೆ ಫೋನ್ ಮಾಡಿ. ಬೇಸಿಗೆಯಲ್ಲಿ ನಿಮ್ಮಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಮೈಸೂರಿನಲ್ಲಿ ಬೆಳಿಗ್ಗೆ ಏಳು, ಅಪ್ಪಾಜಿಯ ಮೊದಲ ಮಾತ್ರೆಯ ಹೊತ್ತು. ಒಂದು ವಾರ ಸುಮ್ನೆ ಆ ಹೊತ್ತಿಗೆ ಫೋನಿನಲ್ಲಿ ಜೊತೆಗಿರಿ, ನೋಡಿ, ಕೇಳಿ. ಆಮೇಲೆ ಒಂದು ದಿನ ನಿಜ ಹೇಳಿ. ಹೇಳುವಾಗ ಬಿಲ್, ಚಳಿ, ಗಂಡ ಯಾವುದನ್ನೂ ಮುಂದೆ ತರಬೇಡಿ. 'ಡಾಕ್ಟರ್ ಹೇಳಿರಲಿಲ್ಲ, ನನಗೆ ಕೈಲಾಗಲಿಲ್ಲ' ಎಂದರೆ ಸಾಕು. ತಕ್ಷಣ ಕ್ಷಮೆ ಕೇಳಿ ಅವಳ ಬಾಯಿ ಕಟ್ಟಬೇಡಿ. ಅವಳು ಕೂಗಲಿ, ಫೋನ್ ಇಡಲಿ. ದುಡ್ಡಿನ ಮಾತನ್ನು ಅದೇ ದಿನ ಎತ್ತಬೇಡಿ, ಬಾಯಿ ಮುಚ್ಚಿಸಲು ಕೊಟ್ಟ ಹಾಗೆ ಕಾಣುತ್ತದೆ. ಬೇರೆ ದಿನ ಮಾತಾಡಿ. ಹಬ್ಬಕ್ಕೊಮ್ಮೆ ದೊಡ್ಡ ಮೊತ್ತ ಬೇಡ, ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿ. ರಾತ್ರಿ ಪಾಳಿಗೆ ಹೋಮ್ ನರ್ಸ್ ಇಟ್ಟರೆ ತಂಗಿಗೆ ನಿದ್ದೆ ಸಿಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಅದೇ ಕಾದಂಬರಿ. ರೊಕ್ಸಾನಾಳ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ದುಡ್ಡು ಮುಗಿಯಿತು. ಗಂಡ ಮಟ್ಕಾ ಆಡಿದ. ಪುಟ್ಟ ಮಗ ಶಾಲೆಯಲ್ಲಿ ಹೋಮ್‌ವರ್ಕ್ ಪರೀಕ್ಷಿಸುವಾಗ ಲಂಚ ತಗೊಂಡು, ಅಮ್ಮ ಖರ್ಚಿಗೆ ಇಡುತ್ತಿದ್ದ ಲಕೋಟೆಗಳಿಗೆ ಸೇರಿಸಿದ. ಆ ಪುಟಗಳನ್ನು ಓದುವಾಗ ನನಗೆ ಗಂಟಲು ಕಟ್ಟಿತ್ತು. ನೋಡಿಕೊಳ್ಳುವವರ ಮನೆ ಹೀಗೆ ಒಳಗೊಳಗೇ ಸವೆಯುವುದನ್ನು ನನ್ನ ಕೆಲಸದಲ್ಲಿ ತುಂಬ ಕಂಡಿದ್ದೇನೆ.

ವಸುಧಾ ಹತ್ತನೇ ದಿನ ತಂಗಿಗೆ ನಿಜ ಹೇಳಿದರು. ತಂಗಿ ಫೋನ್ ಇಟ್ಟುಬಿಟ್ಟಳು. ನಾಲ್ಕು ದಿನ ಎತ್ತಲಿಲ್ಲ. ಈ ನಾಲ್ಕು ದಿನ ವಸುಧಾ ನನಗೆ ಮೂರು ಸಲ ಕರೆ ಮಾಡಿದರು. ಕಾಯಿರಿ ಎನ್ನುವುದು ಬಿಟ್ಟು ನನ್ನ ಹತ್ತಿರ ಬೇರೆ ಮಾತಿರಲಿಲ್ಲ.

ಐದನೇ ದಿನ ತಂಗಿಯೇ ಮಾಡಿದಳು. ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅಕ್ಕ, ಎಂಟು ತಿಂಗಳಿಂದ ಹಲ್ಲು ನೋವು. ರೂಟ್ ಕೆನಾಲ್ ಮಾಡಿಸ್ಕೋಬೇಕು. ಅಪ್ಪಾಜಿನ ಬಿಟ್ಟು ಹೋಗೋಕೆ ಆಗ್ತಿಲ್ಲ. ನೀನು ಯಾವಾಗ ಬರ್ತೀಯ?" ಎಂದಳಂತೆ.

ವಸುಧಾ ಜುಲೈಯಲ್ಲಿ ಐದು ವಾರಕ್ಕೆ ಟಿಕೆಟ್ ಮಾಡಿಸಿದ್ದಾರೆ. ಕೊನೆಯ ಭೇಟಿಯಲ್ಲಿ ಆ ಹಾಳೆಯನ್ನು ಮತ್ತೆ ತೋರಿಸಿದರು. ಆರನೇ ಸಾಲು ಪೂರ್ತಿಯಾಗಿತ್ತು: "ಆಮೇಲೆ ತಿಂಡಿಗೆ ಮೆತ್ತಗಿನ ಇಡ್ಲಿ, ಮಾತ್ರೆ ತಗೊಂಡು ಅರ್ಧ ಗಂಟೆ ಬಿಟ್ಟು."