ಬೆರಳ ತುದಿ ಕಳೆದುಕೊಂಡ ಟೋನಿ ಅಯೋಮಿ ಬ್ರಿಟನ್ನಿನ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನಲ್ಲಿ ಅಷ್ಟು ವರ್ಷ ಗಿಟಾರ್ ನುಡಿಸಿದ್ದು ಹೇಗೆ?

ಅಯೋಮಿ ಎಡಚ. ಅಂದರೆ ಗಿಟಾರಿನ ತಂತಿ ಒತ್ತಬೇಕಾದದ್ದು ಬಲಗೈ. 17ನೇ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸದ ಕಡೇ ದಿನ, ಅದೇ ಕೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ಯಂತ್ರ ಕಿತ್ತುಕೊಂಡಿತು. ಇನ್ನು ಸಂಗೀತ ಮುಗಿಯಿತು ಎಂದು ಕೂತಿದ್ದ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕರು ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್‌ರ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟ ಮೇಲೆ ಎರಡೇ ಬೆರಳಲ್ಲಿ ನುಡಿಸಿದ ಮಹಾನುಭಾವ ಆತ!

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದರು. ಬೆರಳು ಹಿಡಿಸುವಷ್ಟು ತೂತು ಕೊರೆದು, ಉಜ್ಜಿ ಉಜ್ಜಿ ಆಕಾರಕ್ಕೆ ತಂದು, ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದರು. ಚರ್ಮವಿಲ್ಲದಿದ್ದರೆ ತಂತಿ ಜಾರುತ್ತಿತ್ತು. ಆದರೂ ತುದಿಯಲ್ಲಿ ಸ್ಪರ್ಶವೇ ಇಲ್ಲ, ಕಿವಿಯನ್ನೇ ನಂಬಬೇಕು. ಹಾಗಾಗಿ ತೆಳು ತಂತಿ ಹಾಕಿದರು. 1971ರ ಹೊತ್ತಿಗೆ ಶ್ರುತಿಯನ್ನೇ ಮೂರು ಅರೆಸ್ವರ ಇಳಿಸಿದರು. ತಂತಿ ಸಡಿಲವಾಯಿತು, ನಾದ ಗಾಢವಾಯಿತು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಆ ಭಾರದ ಹಿಂದೆ ಈ ನೋವೂ ಇದೆ ಎಂದೇ ನನ್ನ ನಂಬಿಕೆ.

ಬ್ಯಾಂಡಿನೊಳಗಿನ ಬದುಕೂ ಸಲೀಸಾಗಿರಲಿಲ್ಲ. ಮಾದಕ ವಸ್ತು, ಜಗಳ. 1979ರಲ್ಲಿ ಗಾಯಕ ಆಜಿ ಆಸ್ಬರ್ನ್‌ರನ್ನೇ ಹೊರಗೆ ಕಳಿಸಬೇಕಾಯಿತು. ಎಷ್ಟೋ ಜನ ಬಂದುಹೋದರು, ಎಲ್ಲ ಆಲ್ಬಮ್‌ಗಳಲ್ಲೂ ಇದ್ದವರು ಅಯೋಮಿ ಒಬ್ಬರೇ. 2012ರಲ್ಲಿ ಲಿಂಫೋಮಾ ಕ್ಯಾನ್ಸರ್ ಪತ್ತೆಯಾದಾಗಲೂ ಚಿಕಿತ್ಸೆಯ ನಡುವೆಯೇ ರೆಕಾರ್ಡಿಂಗ್ ಮಾಡಿದರು. 2025ರ ಜುಲೈ 5ರಂದು ತಮ್ಮೂರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ಮೂಲ ನಾಲ್ವರೂ ಸೇರಿದ ಕಡೇ ಕಛೇರಿಯಲ್ಲಿ ನುಡಿಸುವಾಗ ಅವರಿಗೆ 77 ವರ್ಷ.